ಕನ್ನಡಿ ಮೇಸ್ತ್ರಿಯ ಮನೆಗೆ ಬಂದ ಗಿಟಾರ್

ಊಟದ ಮೇಜಿನ ಮೇಲೆ ಪೆಟ್ಟಿಗೆ ತೆರೆದಾಗ ಮೊದಲು ಬಾಯಿಬಿಟ್ಟವಳು ಅಜ್ಜಿ.

"ಅಯ್ಯೋ ಶಿವನೇ, ಇದನ್ನ ಯಾರ ಮನೆ ಬೆಂಕಿಯಿಂದ ಎತ್ಕೊಂಡು ಬಂದೆ?"

ಪೆಟ್ಟಿಗೆಯೇನೋ ಹೊಚ್ಚ ಹೊಸದು. ಒಳಗಿನ ಮೆತ್ತನೆ ಬಟ್ಟೆ ಹೊಸದು, ಬೀಗದ ಕೈ ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಆದರೆ ಒಳಗೆ ಮಲಗಿದ್ದ ಎಲೆಕ್ಟ್ರಿಕ್ ಗಿಟಾರ್ ನೋಡಿದರೆ, ಐವತ್ತು ವರ್ಷ ಯಾವುದೋ ಲಾರಿಯ ಹಿಂಬದಿಯಲ್ಲಿ ಉರುಳಾಡಿ ಬಂದಂತಿತ್ತು. ಹಳೇ ಹಲ್ಲಿನ ಹಾಗೆ ಹಳದಿಗೆ ತಿರುಗಿದ ಬೆಣ್ಣೆ ಬಣ್ಣ. ಮುಂಗೈ ಊರುವ ಕಡೆ ಬಣ್ಣ ಎದ್ದುಹೋಗಿ ಬರಿ ಮರ ಕಾಣುತ್ತಿತ್ತು. ಅಂಚಿನ ತುಂಬ ಗೀರು. ಬೆನ್ನಿಗೆ ಅಂಗೈಯಗಲದ ಒಂದು ಗಾಯ, ಬೆಲ್ಟಿನ ಬಕಲ್ ಉಜ್ಜಿ ಉಜ್ಜಿ ಆದಂಥದ್ದು. ತಂತಿ ಕಟ್ಟುವ ಲೋಹದ ಪಟ್ಟಿಗೆ ಮಂಕು ಹಿಡಿದಿತ್ತು.

ಕನ್ನಡಿ ಮೇಸ್ತ್ರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ನಲವತ್ತು ವರ್ಷದಿಂದ ಮರದ ಸಾಮಾನಿಗೆ ಪಾಲಿಶ್ ಹಾಕುವ ಕೆಲಸ. ಅವನ ಕೈಯಿಂದ ಹೊರಬಂದ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಯಾರೋ ಅಂದದ್ದೇ ನೆಪ, ಹೆಸರು ಅಂಟಿಕೊಂಡಿತು. ಗೀರು ಕಂಡರೆ ಅವನಿಗೆ ಊಟ ಸೇರದು. ನೆಂಟರ ಮನೆಗೆ ಹೋದರೂ ಮಾತಿನ ನಡುವೆ ಕುರ್ಚಿಯ ಕೈಯನ್ನು ಅಂಗಿಯ ತುದಿಯಿಂದ ಒರೆಸುತ್ತ ಕೂರುವ ಮನುಷ್ಯ.

"ಎಷ್ಟು ಜನರ ಕೈ ದಾಟಿದೆ ಇದು?" ಎಂದ.

"ಯಾರ ಕೈನೂ ದಾಟಿಲ್ಲಪ್ಪ. ಹೊಸದು," ಎಂದಳು ಮಗಳು.

ವಯಸ್ಸು ಇಪ್ಪತ್ತಾರಾದರೂ ಮನೆಯಲ್ಲಿ ಅವಳು ಇನ್ನೂ ಗುಬ್ಬಿ. ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಾಳೆ, ವಾರದ ಕೊನೆಗೆ ಒಂದು ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಾಳೆ.

"ಹೊಸದಾ? ಮತ್ತೆ ಈ ಗಾಯ?"

"ಅದು ಹಾಗೇ ಬರೋದು. ಹಳೇ ಮಾದರಿ."

"ಹಾಗೇ ಬರೋದು ಅಂದ್ರೆ?"

"ಅಪ್ಪ, ನನಗೆ ಲೇಟಾಯ್ತು. ನಿಮಗೆ ಗೊತ್ತಾಗಲ್ಲ ಬಿಡಿ."

ಪೆಟ್ಟಿಗೆ ಮುಚ್ಚಿಕೊಂಡು, ಅರ್ಧ ಮೊಟ್ಟೆ ಬಾಯಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಮೇಸ್ತ್ರಿ ಬಾಗಿಲ ಕಡೆ ನೋಡುತ್ತ ಕೂತ.

"ಗೊತ್ತಾಗಲ್ವಂತೆ," ಎಂದ ಹೆಂಡತಿಗೆ. "ಮರದ ಸಾಮಾನು. ನನಗೆ ಗೊತ್ತಾಗಲ್ವಂತೆ."

"ಅನ್ನ ಆರ್ತಿದೆ, ತಿನ್ನಿ," ಎಂದಳು ಅವಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವವಳು. ಮನೆಗೆ ಬಂದ ಮೇಲೆ ಯಾರ ಸುಕ್ಕನ್ನೂ ಬಿಡಿಸುವ ತಾಳ್ಮೆ ಅವಳಿಗೆ ಉಳಿದಿರುತ್ತಿರಲಿಲ್ಲ. "ದೊಡ್ಡ ಹೋಟೆಲಿನಲ್ಲಿ ಎಂಟು ಶನಿವಾರದ ಕಾರ್ಯಕ್ರಮ ಸಿಗೋ ಹಾಗಿದೆಯಂತೆ. ಮೊದಲನೇದು ಚೆನ್ನಾಗಾದ್ರೆ ಉಳಿದ ಏಳು ಖಾಯಂ. ಸ್ವಂತ ಗಿಟಾರ್ ಇಲ್ಲದೆ ಆಗಲ್ಲ ಅಂದರಂತೆ. ಎಷ್ಟು ದಿನ ಬೇಡಿ ತಂದು ಬಾರಿಸ್ತಾಳೆ?"

"ತಗೊಳ್ಳಲಿ. ಬೇಡ ಅಂದೋರು ಯಾರು? ಸರಿಯಾದ್ದು ತಗೊಳ್ಳಲಿ."

ಎರಡು ದಿನ ಬಿಟ್ಟು ಕನ್ನಡಕದ ಅಂಗಡಿಯವರು ಗುಬ್ಬಿಯನ್ನು ದೂರದ ನೇತ್ರ ಶಿಬಿರಕ್ಕೆ ಕಳಿಸಿದರು. ಒಂಬತ್ತು ದಿನ. ಶುಕ್ರವಾರ ವಾಪಸು, ಶನಿವಾರ ಹೋಟೆಲು.

"ಅಲ್ಲಿ ಬರೀ ಧೂಳು, ಗಿಟಾರ್ ಇಲ್ಲೇ ಇರಲಿ," ಎಂದು ಹೊರಡುವಾಗ ಹೇಳಿದಳು. "ಅಜ್ಜಿ, ಅದರ ಮೇಲೆ ಒಗೆದ ಬಟ್ಟೆ ಹರಡಬೇಡ."

"ಯಾಕೆ, ನನ್ನ ಬಟ್ಟೆಗೆ ಬಣ್ಣ ಹತ್ತುತ್ತಾ?" ಎಂದಳು ಅಜ್ಜಿ.

ಅವಳು ಹೋದ ಮಾರನೇ ದಿನವೇ ಮೇಸ್ತ್ರಿ ಪೆಟ್ಟಿಗೆ ತೆರೆದ. ಸುಮ್ಮನೆ ನೋಡೋಣ ಅಂತ. ಗಿಟಾರನ್ನು ಎತ್ತಿದಾಗ ಅದರಡಿಯಿಂದ ಒಂದು ಚೀಟಿ ಜಾರಿ ಬಿತ್ತು. ಅಂಗಡಿಯ ಬಿಲ್ಲು. ಕನ್ನಡಕ ಸಿಗಲಿಲ್ಲ, ಹೆಂಡತಿಯನ್ನು ಕರೆದು ಓದಿಸಿದ. ಅವಳು ಓದಿದಳು. ಇನ್ನೊಮ್ಮೆ ಓದು ಅಂದ. ಇನ್ನೊಮ್ಮೆ ಓದಿದರೂ ಅಂಕಿ ಅಷ್ಟೇ ಇತ್ತು: ಮಗಳ ಮೂರು ತಿಂಗಳ ಸಂಬಳ.

ಮೇಸ್ತ್ರಿ ಬಿಲ್ಲನ್ನು ಇಸಿದುಕೊಂಡು ತಿರುವಿ ನೋಡಿದ. ಹಾಸಿಗೆಯ ಅಂಚಿನ ಮೇಲೆ ಕೂತುಬಿಟ್ಟ.

"ನಮ್ಮ ಹುಡುಗಿಗೆ ಟೋಪಿ ಹಾಕಿದ್ದಾರೆ ಕಣೇ."

"ಅವಳು ಟೋಪಿ ಹಾಕಿಸ್ಕೊಳ್ಳೋಳಲ್ಲ. ಹಳೇ ಮಾದರಿ ಅಂದಳಲ್ಲ."

"ಹಳೇ ಮಾದರಿ ಅಂದ್ರೆ ಆಕಾರ ಹಳೇದು! ನಾನೂ ಹಳೇ ಮಾದರಿ ಕಪಾಟಿಗೆ ಪಾಲಿಶ್ ಹಾಕಿ ಕೊಟ್ಟಿದ್ದೀನಿ. ಗೀರು ಹಾಕಿ ಕೊಟ್ಟಿದ್ದರೆ ಕಪಾಟಿನ ಜೊತೆ ನನ್ನನ್ನೂ ಹೊರಗೆ ಎಸೀತಿದ್ರು. ಅವಳಿಗೂ ಗೊತ್ತಾಗಿದೆ. ಅದಕ್ಕೇ ಲೇಟಾಯ್ತು ಅಂತ ಓಡಿದ್ದು. ನಾಚಿಕೆ, ಪಾಪ."

"ಹಾಗಿದ್ರೆ ಫೋನ್ ಮಾಡಿ ಕೇಳಿ."

"ಕೇಳಿದ್ರೆ ಏನೂ ಇಲ್ಲ ಅಂತಾಳೆ. ಮರ್ಯಾದೆ ಪ್ರಶ್ನೆ. ನಾವು ಕೇಳೋದೂ ಬೇಡ, ಅವಳು ಹೇಳೋದೂ ಬೇಡ. ಮನೇಲಿ ಅಪ್ಪ ಇರೋದು ಯಾಕೆ ಮತ್ತೆ?"

ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ವಕೀಲರ ಮನೆಯ ಅಲಮಾರು ನಿಂತಿತ್ತು. ಅದನ್ನು ಗೋಡೆಗೆ ತಳ್ಳಿ ಜಾಗ ಮಾಡಿದ. ಒಂದೊಂದೇ ತಿರುಪು ಬಿಚ್ಚಿ ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇಟ್ಟ. ಒಳಗಿನ ವೈರು ಕಂಡಾಗ ಕೈ ಹಿಂದೆಗೆದು ಅದರ ಮೇಲೆ ಟೇಪು ಅಂಟಿಸಿದ. ಕರೆಂಟಿನ ವಿಷಯ ತನ್ನದಲ್ಲ. ಮರ ತನ್ನದು. ಉಪ್ಪು ಕಾಗದವನ್ನು ನೀರಲ್ಲಿ ನೆನೆಸಿ ಉಜ್ಜಿದ, ಮೊದಲು ಒರಟು, ಆಮೇಲೆ ಸಣ್ಣ, ಆಮೇಲೆ ಇನ್ನೂ ಸಣ್ಣ. ಬರಿ ಮರ ಕಂಡಲ್ಲೆಲ್ಲ ಬೆಣ್ಣೆ ಬಣ್ಣವನ್ನು ಏಳು ಸಲ ಬೆರೆಸಿ, ಎಂಟನೇ ಸಲ ಹೊಂದಿಸಿ, ತುಂಬಿದ. ಅದರ ಮೇಲೆ ಅರಗಿನ ಪಾಲಿಶ್. ಹತ್ತಿಯ ಉಂಡೆಯನ್ನು ಹಳೇ ಮಲ್‌ಬಟ್ಟೆಯಲ್ಲಿ ಸುತ್ತಿ, ಬೆಣ್ಣೆ ಸವರಿದಂತೆ ಸುತ್ತು ಸುತ್ತಾಗಿ. ಬೆಳಗ್ಗೆ ಒಂದು ಪದರ, ಮಧ್ಯಾಹ್ನ ಒಂದು ಪದರ. ಒಣಗುವ ತನಕ ಶೆಡ್ಡಿನಲ್ಲಿ ಯಾರೂ ಜೋರಾಗಿ ಕಾಲಿಡುವಂತಿಲ್ಲ, ಧೂಳು ಏಳುತ್ತದೆ.

ಅಜ್ಜಿ ಮಾತ್ರ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಅವಳಿಗೊಂದು ಚಾಳಿ. ಸೊಸೆ ತೊಳೆದಿಟ್ಟ ಗಾಜಿನ ಲೋಟಗಳನ್ನು ಮತ್ತೆ ಒರೆಸುವುದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವುದು. ಈ ಮನೆಯಲ್ಲಿ ಮಂಕು ಹಿಡಿದ ವಸ್ತು ಉಳಿಯುವುದೇ ಕಷ್ಟ.

"ವಕೀಲರ ಹೆಂಡತಿ ಎರಡು ಸಲ ಬಂದು ಹೋದಳು ಕಣೋ. ಅಲಮಾರು ಕೇಳ್ತಿದ್ದಾಳೆ."

"ಅಲಮಾರಿಗೆ ಶನಿವಾರ ಕಾರ್ಯಕ್ರಮ ಇಲ್ಲವ್ವ."

ನಡುವೆ ಒಂದು ಸಂಜೆ ಗುಬ್ಬಿಯ ಫೋನು ಬಂತು. ಅಮ್ಮ ತರಕಾರಿ ಹೆಚ್ಚುತ್ತ ಮಾತಾಡಿದಳು.

"ಗಿಟಾರ್ ಹೇಗಿದೆಯಮ್ಮ?"

ಅಮ್ಮ ಹಿತ್ತಲ ಕಡೆ ನೋಡಿದಳು. ಮೇಸ್ತ್ರಿ ಅಲ್ಲಿಂದಲೇ ಬಾಯಿಗೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದ.

"ಚೆನ್ನಾಗಿದೆ," ಎಂದಳು. "ತುಂಬಾ ಚೆನ್ನಾಗಿದೆ."

ಶುಕ್ರವಾರ ಮಧ್ಯಾಹ್ನ ಗುಬ್ಬಿ ಬಂದಳು. ಮುಖ ತೊಳೆದು, ನಿಂತುಕೊಂಡೇ ಎರಡು ತುಂಡು ಬ್ರೆಡ್ಡು ತಿಂದು, ನಾಳೆ ಐದಕ್ಕೆಲ್ಲ ಹೋಟೆಲಲ್ಲಿ ಇರಬೇಕು ಅಂದಳು. ಬೆಳಗ್ಗೆಯೇ ಗಿಟಾರನ್ನು ಮತ್ತೆ ಜೋಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದ ಮೇಸ್ತ್ರಿ ಕಾರಣವಿಲ್ಲದೆ ಒಗೆದ ಅಂಗಿ ಹಾಕಿಕೊಂಡು ಮೇಜಿನ ಹತ್ತಿರ ನಿಂತಿದ್ದ.

ಪೆಟ್ಟಿಗೆ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

"ಅಪ್ಪ, ನನ್ನ ಗಿಟಾರ್ ಎಲ್ಲಿ?"

"ಅದೇ ಕಣಮ್ಮ ಅದು!"

ಕಿಟಕಿಯ ಬೆಳಕು ಗಿಟಾರಿನ ಮೇಲೆ ಬಿದ್ದು ಚಾವಣಿಗೆ ಹಾರಿ ಅಲ್ಲಿ ನಡುಗುತ್ತಿತ್ತು. ಹೊಸ ಬೆಣ್ಣೆಯ ಮುದ್ದೆಯ ಹಾಗಿತ್ತು ಅದು. ಗುಬ್ಬಿ ಬಗ್ಗಿದಾಗ ಅವಳ ತೆರೆದ ಬಾಯಿ ಅದರಲ್ಲಿ ಕಾಣಿಸಿತು.

"ಒಂದು ಗೀರಾದ್ರೂ ಇದ್ರೆ ತೋರಿಸು ನೋಡೋಣ," ಎಂದ ಮೇಸ್ತ್ರಿ.

ಅವಳು ನಿಜವಾಗಿಯೂ ಹುಡುಕಿದಳು. ಎತ್ತಿ ತಿರುಗಿಸಿದಳು, ಅಂಚಿನ ಉದ್ದಕ್ಕೂ ಬೆರಳಾಡಿಸಿದಳು, ಬೆನ್ನು ನೋಡಿದಳು. ಮೇಸ್ತ್ರಿಯ ಮುಖ ಅರಳುತ್ತಲೇ ಇತ್ತು.

"ಒಂದೂ ಬಿಟ್ಟಿಲ್ವಾ?" ಅವಳ ದನಿ ಸಣ್ಣಗಾಗಿತ್ತು.

"ಒಂದೂ ಬಿಟ್ಟಿಲ್ಲ!"

ಗುಬ್ಬಿ ನೆಲದ ಮೇಲೆ ಕೂತಳು. ಕುರ್ಚಿ ಪಕ್ಕದಲ್ಲೇ ಇತ್ತು, ಆದರೂ ನೆಲದ ಮೇಲೆ.

"ಆ ಗೀರಿಗೇ ಅಪ್ಪ ನಾನು ದುಡ್ಡು ಕೊಟ್ಟಿದ್ದು."

ಮೇಸ್ತ್ರಿ ನಕ್ಕ. ಯಾರೂ ಜೊತೆಗೂಡಲಿಲ್ಲ.

"ನಿಜವಾದ ಹಳೇದಕ್ಕೆ ಒಂದು ಮನೆಯಷ್ಟು ಬೆಲೆ," ಎಂದಳು ಅವಳು, ಗಿಟಾರಿಗೆ ಹೇಳುವಂತೆ. "ಅದಕ್ಕೇ ಹೊಸದನ್ನೇ ಹಳೇದರ ಹಾಗೆ ಮಾಡಿ ಕಮ್ಮಿಗೆ ಮಾರ್ತಾರೆ. ಫ್ಯಾಕ್ಟರಿಯಲ್ಲಿ ಒಬ್ಬರು ಕೂತು ಉಪ್ಪು ಕಾಗದದಲ್ಲಿ ಬಣ್ಣ ಕೆರೀತಾರೆ. ಬೀಗದ ಕೈ ಗೊಂಚಲಲ್ಲಿ ಹೊಡೀತಾರೆ."

"ಯಾಕೆ? ಮಾಲೀಕನ ಮೇಲೆ ಸಿಟ್ಟಾ?"

"ಅದೇ ಅವರ ಕೆಲಸ."

"ಸಂಬಳ ಕೊಡ್ತಾರಾ?"

"ಕೊಡ್ತಾರೆ."

ಮೇಸ್ತ್ರಿ ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ, ಕೊನೆಗೆ ತನ್ನ ಕೈಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ಅರಗು ಕಂದಾಗಿ ಕೂತಿತ್ತು. "ನಾನು ನಲವತ್ತು ವರ್ಷದಿಂದ ತೆಗೀತಾ ಬಂದಿದ್ದನ್ನ ಅಲ್ಲೊಬ್ಬ ಹಾಕ್ತಾ ಕೂತಿದ್ದಾನಾ?"

"ಹಾಗಾದ್ರೆ ನನ್ನನ್ನೂ ಆ ಅಂಗಡಿಗೆ ಕರ್ಕೊಂಡು ಹೋಗ್ರೋ," ಎಂದಳು ಅಜ್ಜಿ. "ಎಂಬತ್ತೆರಡು ವರ್ಷದ್ದು. ಎಲ್ಲಾ ಅಸಲಿ."

"ಅಜ್ಜೀ!" ಎಂದು ಕೂಗಿದಳು ಗುಬ್ಬಿ. ಆಮೇಲೆ ಅಮ್ಮನ ಕಡೆ ತಿರುಗಿದಳು. "ನಿನಗೂ ಗೊತ್ತಿತ್ತಲ್ವಾ? ಫೋನಲ್ಲಿ ತುಂಬಾ ಚೆನ್ನಾಗಿದೆ ಅಂದೆ!"

"ನಿನಗೂ ಬಾಯಿ ಇತ್ತಲ್ವಾ?" ಅಮ್ಮ ಸೌಟು ಕೆಳಗಿಟ್ಟಳು. "ನಾಲ್ಕು ತಿಂಗಳು ಆ ಅಂಗಡಿ ಸುತ್ತಿದೆ. ಒಂದು ದಿನ ಕೂತು ಹೇಳಿದ್ಯಾ? ನಿಮಗೆ ಗೊತ್ತಾಗಲ್ಲ ಅಂತ ಒಂದು ಮಾತು ಬಿಸಾಕಿ ಹೋದೆ. ಗೊತ್ತಾಗೋ ಹಾಗೆ ಹೇಳೋಕೆ ಎಷ್ಟು ಹೊತ್ತು ಬೇಕಿತ್ತು? ನಿಮ್ಮಪ್ಪ ವಾರ ಪೂರ್ತಿ ಅದರ ಮುಂದೆ ಕೂತಿದ್ದಾರೆ, ವಕೀಲರ ಕೈಲಿ ಬೈಸಿಕೊಂಡು."

ಗುಬ್ಬಿ ಅಪ್ಪನ ಕಡೆ ತಿರುಗಿದಳು. ಆಮೇಲೆ ಹೇಳಿದಳು, ಮೊದಲ ಸಲ, ಕೂತು. ಮೂರು ಗಂಟೆ ಹೆಗಲಿಗೆ ಹಾಕಿ ನಿಲ್ಲಬೇಕು, ಬೇರೆ ಗಿಟಾರುಗಳು ತುಂಬಿದ ಕೊಡದಷ್ಟು ಭಾರ, ಇದು ಹಗುರ. ಅಗ್ಗದವು ಎರಡು ಹಾಡಿಗೇ ಶ್ರುತಿ ಇಳಿಯುತ್ತವೆ, ಇದು ನಿಲ್ಲುತ್ತದೆ. ಅಂಗಡಿಯಲ್ಲಿ ಹದಿನೇಳು ಗಿಟಾರ್ ಮುಟ್ಟಿ ನೋಡಿದಳು. ಕೈಗೆಟುಕುವ ಬೆಲೆಗೆ ಎಲ್ಲ ಸೇರಿ ಇದ್ದದ್ದು ಇದೊಂದೇ. ಹೋಟೆಲಿನ ಮ್ಯಾನೇಜರ್ ಹೊರಗೆ ಬೋರ್ಡು ಹಾಕಿದ್ದಾನೆ, 'ಹಳೇ ಕಾಲದ ಸಂಜೆ' ಅಂತ. ಕೋಟು ಹಳೇದಿರಬೇಕು, ವಾದ್ಯ ಹಳೇದಿರಬೇಕು, ಹೊಸದರ ವಾಸನೆ ಬಂದರೂ ಬೇರೆ ಬ್ಯಾಂಡು ಕರೀತೀನಿ ಅಂದಿದ್ದಾನೆ.

ಹೇಳುತ್ತ ಹೇಳುತ್ತ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು, ಎಡಗೈಯನ್ನು ಅದರ ಉದ್ದನೆ ಕುತ್ತಿಗೆಯ ಮೇಲೆ ಸರ್ರನೆ ಜಾರಿಸಲು ಹೋದಳು. ಕೈ ಕೀಚ್ ಎಂದು ಅರ್ಧದಲ್ಲೇ ನಿಂತಿತು. ಮತ್ತೆ ಜಾರಿಸಿದಳು. ಮತ್ತೆ ನಿಂತಿತು.

"ಕುತ್ತಿಗೆಗೂ ಹಾಕಿದ್ರಾ ಅಪ್ಪ?"

"ಹದಿನಾಲ್ಕು ಪದರ," ಎಂದ ಮೇಸ್ತ್ರಿ. ಈ ಸಲ ಹೆಮ್ಮೆಯಿಂದ ಅಲ್ಲ.

"ಕೈ ಅಂಟುತ್ತೆ. ಬಾರಿಸೋಕೇ ಆಗಲ್ಲ ಇದನ್ನ."

ಆ ಹೊತ್ತಿನ ಊಟ ಯಾರೂ ಸರಿಯಾಗಿ ಮಾಡಲಿಲ್ಲ. ಅಜ್ಜಿಯೊಬ್ಬಳೇ ಎರಡನೇ ಸಲ ಅನ್ನ ಹಾಕಿಸಿಕೊಂಡು, ಜಗಳಕ್ಕೂ ಹೊಟ್ಟೆಗೂ ಸಂಬಂಧ ಇಲ್ಲ ಎಂದಳು.

ಶನಿವಾರ ಬೆಳಗ್ಗೆ ಗುಬ್ಬಿ ಎದ್ದು ಬಂದಾಗ ಮೇಸ್ತ್ರಿ ಶೆಡ್ಡಿನಲ್ಲಿ ಗಿಟಾರಿನ ಮುಂದೆ ನಿಂತಿದ್ದ. ಬಲಗೈಯಲ್ಲಿ ಮನೆಯ ಬೀಗದ ಕೈ ಗೊಂಚಲು.

"ಏನ್ ಮಾಡ್ತಿದ್ದೀರಪ್ಪ?"

"ಹಾಕಿ ಕೊಡೋಣ ಅಂತ." ಕೈ ಎತ್ತಿದ. ಗೊಂಚಲು ಜಣಗುಟ್ಟಿತು, ಕೆಳಗಿಳಿಯಲಿಲ್ಲ. "ಆಗಲೇ ಅರ್ಧ ಗಂಟೆ ಆಯ್ತು. ನನ್ನಿಂದ ಆಗಲ್ಲ ಗುಬ್ಬಿ. ಎಳೇ ಮಗು ಕೆನ್ನೆಗೆ ಹೊಡಿ ಅಂದ ಹಾಗಾಗುತ್ತೆ. ನೀನೇ ಹೊಡಿ, ನಾನು ಆಚೆ ಹೋಗಿರ್ತೀನಿ."

ಅವಳು ಗೊಂಚಲು ಇಸಿದುಕೊಂಡಳು. ಗಿಟಾರನ್ನು ನೋಡಿದಳು. ಅದರೊಳಗೆ ಅಪ್ಪನೂ ಮಗಳೂ ಉದ್ದುದ್ದವಾಗಿ ಕಾಣುತ್ತಿದ್ದರು. ಗೊಂಚಲನ್ನು ಮೊಳೆಗೆ ನೇತುಹಾಕಿದಳು.

"ಬೇಡ ಬಿಡಿ. ಕುತ್ತಿಗೆ ಒಂದು ಸರಿ ಮಾಡ್ಕೊಡಿ. ಬಾರಿಸೋಕಾದ್ರೂ ಬರಲಿ."

ಮೇಸ್ತ್ರಿ ಡಬ್ಬದಿಂದ ಉಕ್ಕಿನ ನಾರು ತೆಗೆದ, ಕೂದಲೆಳೆಗಿಂತ ಸಣ್ಣದು. ಜೀವಮಾನದಲ್ಲಿ ಮೊದಲ ಸಲ ತಾನೇ ಹಾಕಿದ ಹೊಳಪನ್ನು ತಾನೇ ತೆಗೆಯತೊಡಗಿದ. ಒಂದು ಗೇಣು ಉಜ್ಜುವುದು, ಒರೆಸುವುದು, ಕೇಳುವುದು.

"ಹೆಬ್ಬೆರಳು ಎಲ್ಲಿ ಬರುತ್ತೆ?"

"ಇಲ್ಲಿ. ಹಾಡು ಏರಿದಾಗ ಇಲ್ಲಿಂದ ಇಲ್ಲಿಗೆ ಓಡಬೇಕು."

"ಈಗ?"

ಅವಳು ಕಣ್ಣು ಮುಚ್ಚಿ ಕೈ ಜಾರಿಸಿದಳು. "ಈ ಲೋಹದ ಗೆರೆಗಳಲ್ಲಿ ಐದನೇ ಮೆಟ್ಟಿಲ ಹತ್ತಿರ ಇನ್ನೂ ಸ್ವಲ್ಪ ಹಿಡಿಯುತ್ತೆ."

ಎಲ್ಲಿ ಎಂದು ನೋಡಲು ಅವಳ ಬೆರಳು ಹಿಡಿದ ಮೇಸ್ತ್ರಿ ಹಾಗೇ ನಿಂತ. ಎಡಗೈಯ ನಾಲ್ಕೂ ತುದಿ ಒಣಗಿದ ಬಟಾಣಿಯ ಹಾಗೆ ಗಟ್ಟಿಯಾಗಿದ್ದವು.

"ಇದೇನೇ ಇದು? ಇದು ನನ್ನ ಕೈಯಲ್ವಾ!"

"ಹತ್ತು ವರ್ಷ ಆಯ್ತಪ್ಪ," ಎಂದಳು ಗುಬ್ಬಿ.

ಹನ್ನೊಂದು ಗಂಟೆಗೆ ಅವಳ ಕೈ ಮೇಲಿಂದ ಕೆಳಗೆ ಸದ್ದಿಲ್ಲದೆ ಹರಿಯಿತು. ಕುತ್ತಿಗೆ ಹಳೇ ಬಾಗಿಲ ಹಿಡಿಯ ಹಾಗೆ ಮೆತ್ತಗೆ ಮಂಕಾಗಿತ್ತು. ಒಡಲು ಮಾತ್ರ ಕನ್ನಡಿಯೇ.

"ನಾನೂ ಬರ್ತೀನಿ," ಎಂದ ಮೇಸ್ತ್ರಿ. "ಮ್ಯಾನೇಜರ್ ಕೇಳಿದ್ರೆ ತಪ್ಪು ನಂದು ಅಂತ ಹೇಳ್ತೀನಿ."

"ನೀವು ಬಂದ್ರೆ ಅವ್ವನೂ ಬರ್ತಾರೆ," ಎಂದಳು ಹೆಂಡತಿ. "ಅವ್ವ ಬಂದ್ರೆ ಹಿಡ್ಕೊಳ್ಳೋಕೆ ನಾನು ಬೇಕು."

ಹೀಗೆ, ಮಗಳು ಹತ್ತು ವರ್ಷ ಬಾರಿಸಿದ ಮೇಲೆ, ಮನೆಯವರೆಲ್ಲ ಮೊದಲ ಬಾರಿಗೆ ಕೇಳಲು ಹೊರಟರು.

ಹೋಟೆಲಿನ ಸಭಾಂಗಣದಲ್ಲಿ ಹಳದಿ ದೀಪ, ಮರದ ನೆಲ. ವೇದಿಕೆಯ ಮೇಲೆ ಡ್ರಮ್ ಜೋಡಿಸುತ್ತಿದ್ದ ಬ್ಯಾಂಡಿನ ಯಜಮಾನ, ಹಗಲು ಬೇಕರಿ ನಡೆಸುವವ, ಗಿಟಾರ್ ನೋಡಿದ್ದೇ ಕೈಲಿದ್ದ ಕೋಲು ಕೆಳಗೆ ಬೀಳಿಸಿದ.

"ಏನಾಯ್ತು ಇದಕ್ಕೆ?"

"ನಮ್ಮಪ್ಪ ಆಯ್ತು," ಎಂದಳು ಗುಬ್ಬಿ.

ಅಷ್ಟರಲ್ಲಿ ಮ್ಯಾನೇಜರ್ ಬಂದ. ನಲವತ್ತರೊಳಗಿನ ಮನುಷ್ಯ, ಅಜ್ಜನ ಕಾಲದ ಕೋಟು ತೊಟ್ಟಿದ್ದ. ಗಿಟಾರಿನಿಂದ ಹಾರಿದ ಬೆಳಕು ಅವನ ಕಣ್ಣಿಗೇ ಕುಕ್ಕಿತು.

"ಏನಿದು? ಆಟದ ಸಾಮಾನಾ? ಹೊರಗೆ ಏನು ಬೋರ್ಡ್ ಹಾಕಿದ್ದೀನಿ ನೋಡಿದ್ರಾ? ನಿನ್ನೆ ಬೆಳಗ್ಗೆ ಅಂಗಡಿಯಿಂದ ತಂದ ಹಾಗಿದೆ ಇದು!"

ಮೇಸ್ತ್ರಿ ಮುಂದೆ ಬಂದ. "ಸ್ವಾಮಿ, ತಪ್ಪು ನಂದು. ಅದು ಹಳೇದರ ಹಾಗೇ ಇತ್ತು. ನಾನೇ ಹಾಳು ಮಾಡ್ದೆ." ತನ್ನ ಪಾಲಿಶಿನ ಬಗ್ಗೆ ಹಾಳು ಎಂಬ ಮಾತು ಅವನ ಬಾಯಿಂದ ಬಂದದ್ದು ಕೇಳಿ ಹೆಂಡತಿ ತಲೆ ತಗ್ಗಿಸಿದಳು.

"ಕ್ಷಮಿಸಿ. ಮಾತು ಅಂದ್ರೆ ಮಾತು. ಬೇರೆ ಗಿಟಾರ್ ಇದ್ರೆ ತನ್ನಿ, ಇಲ್ಲಾಂದ್ರೆ..."

"ಆ ಬಾಗಿಲು ಮುಚ್ಚಿಬಿಟ್ಟಿದ್ದೀರಲ್ಲ," ಎಂದಳು ಅಜ್ಜಿ.

ಎಲ್ಲರೂ ತಿರುಗಿದರು. ಅವಳು ಎಡಗಡೆಯ ಗೋಡೆಯನ್ನು ನೋಡುತ್ತಿದ್ದಳು.

"ಯಾವ ಬಾಗಿಲಮ್ಮ?" ಎಂದ ಮ್ಯಾನೇಜರ್.

"ಅಡುಗೆಮನೆದು. ಅದರ ಸಂದಿಯಿಂದಲೇ ನಾವು ನೋಡ್ತಿದ್ದಿದ್ದು. ಮದುವೆಗೆ ಮುಂಚೆ ಮೂರು ವರ್ಷ ಇಲ್ಲಿ ಲೋಟ ತೊಳೆದಿದ್ದೀನಿ. ಬೆಳಕಿಗೆ ಹಿಡಿದು ನೋಡಿ ಕಳಿಸಬೇಕಿತ್ತು, ಒಂದು ಬೆರಳ ಗುರುತು ಇದ್ರೂ ಸಂಬಳ ಮುರೀತಿದ್ರು."

ಮೇಸ್ತ್ರಿ ತಾಯಿಯ ಕಡೆ ತಿರುಗಿದ. "ಅವ್ವಾ, ನೀನು ಇಲ್ಲಿ ಕೆಲಸ ಮಾಡ್ತಿದ್ಯಾ? ನನಗೆ ಹೇಳೇ ಇಲ್ಲ!"

"ನೀನು ಕೇಳಿದ್ಯಾ? ನಿಮ್ಮಪ್ಪನೂ ಕೇಳಲಿಲ್ಲ." ಅಜ್ಜಿ ಮ್ಯಾನೇಜರನ ಕೋಟಿನ ತೋಳು ಹಿಡಿದು, ಬಟ್ಟೆ ಕೊಳ್ಳುವವಳಂತೆ ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. "ಆಗ ಇಂಥದ್ದು ಇಷ್ಟು ಮಾಸಿರಲಿಲ್ಲಪ್ಪ. ಯಾರ ಕೋಟೂ ಮಾಸಿರಲಿಲ್ಲ. ಇಸ್ತ್ರಿ ಅಂದ್ರೆ ಕೈ ಕುಯ್ಯೋ ಹಾಗಿರ್ತಿತ್ತು. ಬ್ಯಾಂಡಿನವರು ಗಿಟಾರ್ ಹಿಡ್ಕೊಂಡು ಬಂದ್ರೆ ಬಾಗಿಲ ಸಂದಿಯಲ್ಲಿ ನಮ್ಮ ಕಣ್ಣಿಗೆ ಹೊಡೀತಿತ್ತು ಬೆಳಕು, ಈಗ ನಿಮಗೆ ಹೊಡೀತಲ್ಲ, ಹಾಗೇ. ಹಳೇ ಕಾಲ ಅಂತೀರಿ. ನಮ್ಮ ಕಾಲದಲ್ಲಿ ಹಳೇದು ಯಾವುದಿತ್ತು? ಎಲ್ಲಾ ಹೊಸದೇ."

ಬೇಕರಿಯವ ಮೆಲ್ಲಗೆ ಡ್ರಮ್ಮಿನ ಮೇಲೆ ಒಂದು ಏಟು ಹಾಕಿದ. ಮ್ಯಾನೇಜರ್ ತನ್ನ ತೋಳನ್ನು ನೋಡಿಕೊಂಡ, ಗಡಿಯಾರ ನೋಡಿದ, ಬಾಗಿಲಲ್ಲಿ ಆಗಲೇ ನಿಂತಿದ್ದ ಜನರನ್ನು ನೋಡಿದ.

"ಇವತ್ತೊಂದು ದಿನ," ಎಂದ. "ಉಳಿದಿದ್ದು ಆಮೇಲೆ."

ಅವರಿಗೆ ಪಕ್ಕದಲ್ಲೊಂದು ಮೇಜು ಸಿಕ್ಕಿತು. ಮೇಸ್ತ್ರಿ ಕೂತೊಡನೆ ಅದರ ಮೇಲೆ ಕೈಯಾಡಿಸಿ, ಅಗ್ಗದ ಕೆಲಸ ಎಂದು ಗೊಣಗಿದ. ಮೊದಲ ಹಾಡು ಎದ್ದಾಗ ಮಾತು ನಿಲ್ಲಿಸಿದ. ಮನೆಯ ಗೋಡೆಯಾಚೆ ಕೇಳಿಸುತ್ತಿದ್ದ ಟಿಣ್ ಟಿಣ್ ಇದಲ್ಲ. ಮಗಳ ಎಡಗೈ ಕುತ್ತಿಗೆಯ ಮೇಲೆ ಓಡುತ್ತಿತ್ತು, ಎಲ್ಲೂ ಅಂಟದೆ, ಐದನೇ ಮೆಟ್ಟಿಲ ಹತ್ತಿರವೂ. ಅವನು ಹೆಂಡತಿಯ ಮೊಣಕೈ ತಿವಿದ. "ಇವಳು ಇಷ್ಟು ಚೆನ್ನಾಗಿ ಬಾರಿಸ್ತಾಳಾ?"

"ನನ್ನನ್ನೇನು ಕೇಳ್ತೀರಿ, ನಾನೂ ಈಗಲೇ ಕೇಳ್ತಿರೋದು," ಎಂದಳು ಅವಳು. ಸೆರಗಲ್ಲಿ ಮೂಗು ಒರೆಸಿಕೊಳ್ಳುತ್ತ.

ಮೂರನೇ ಹಾಡಿಗೆ ಜೋಡಿಗಳು ನೆಲಕ್ಕಿಳಿದವು. ಗಿಟಾರಿನಿಂದ ಹಾರಿದ ಬೆಳಕು ಅವರ ಮುಖಗಳ ಮೇಲೆ, ಚಾವಣಿಯ ಮೇಲೆ ಓಡಾಡಿತು. ನೆರೆತಲೆಯ ಹೆಂಗಸೊಬ್ಬಳು ಗಂಡನ ಹೆಗಲ ಮೇಲಿಂದ ಅದನ್ನೇ ನೋಡುತ್ತ ಸುತ್ತುತ್ತಿದ್ದಳು. ವಿರಾಮದಲ್ಲಿ ಮ್ಯಾನೇಜರ್ ಮೇಜಿನ ಹತ್ತಿರ ಬಂದ. ಅವನ ಕೋಟು ಮೈಮೇಲಿರಲಿಲ್ಲ.

"ಮುಂದಿನ ಶನಿವಾರ ಅಜ್ಜಿಯನ್ನೂ ಕರ್ಕೊಂಡು ಬನ್ನಿ," ಎಂದ. "ಆ ಬಾಗಿಲಿನ ಕಥೆ ಹೇಳೋಕೆ."

"ಲೋಟ ಸರಿಯಾಗಿ ತೊಳೆಸಿ, ಬರ್ತೀನಿ," ಎಂದಳು ಅಜ್ಜಿ, ತನ್ನದನ್ನು ದೀಪಕ್ಕೆ ಹಿಡಿದು.

ಎರಡನೇ ಭಾಗದಲ್ಲಿ ಹಾಡು ಜೋರಾಯಿತು. ಗುಬ್ಬಿ ಅತ್ತಿತ್ತ ವಾಲತೊಡಗಿದಳು. ಅವಳು ಬಾಡಿಗೆಗೆ ತಂದ ಕೋಟಿನ ತೋಳಲ್ಲಿ ಹಿತ್ತಾಳೆಯ ಗುಂಡಿ ಇದ್ದದ್ದು ಯಾರೂ ಗಮನಿಸಿರಲಿಲ್ಲ. ಬಲಗೈ ಕೆಳಗಿಳಿದಾಗ ಅದು ಬೆಣ್ಣೆ ಬಣ್ಣದ ಮೇಲೆ ಒಂದು ಗೀರು ಎಳೆಯಿತು. ಒಂದು ಗೇಣುದ್ದ. ಸಭಾಂಗಣದಲ್ಲಿ ಅದು ಕಂಡದ್ದು ಇಬ್ಬರಿಗೆ. ಗುಬ್ಬಿ ಬಾರಿಸುತ್ತಲೇ ತಲೆಯೆತ್ತಿ ಅಪ್ಪನ ಕಡೆ ನೋಡಿದಳು, ಕಣ್ಣು ಅಗಲವಾಗಿತ್ತು.

ಮೇಸ್ತ್ರಿ ಆಗಲೇ ಎದ್ದು ನಿಂತಿದ್ದ. ಕೈಯಲ್ಲಿ ಮೇಜಿನ ಮೇಲಿನ ಕರವಸ್ತ್ರ.

"ಎಲ್ಲಿಗೆ?" ಹೆಂಡತಿ ಅಂಗಿ ಹಿಡಿದೆಳೆದಳು. "ಕೂತ್ಕೊಳ್ರೀ!"

ಅವನು ನಿಂತೇ ಇದ್ದ, ವೇದಿಕೆಯತ್ತ ನೋಡುತ್ತ. ಆಮೇಲೆ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು, ಅದೇ ಕೈಯನ್ನು ಮೇಲೆತ್ತಿ, ಮಗಳಿಗೆ ಕಾಣುವ ಹಾಗೆ ಒಂದು ಬೆರಳು ತೋರಿಸಿದ.

"ಒಂದಾಯ್ತು," ಎಂದ.